ಬೀಗರ ಗ್ಯಾರೇಜಿನ ಪೊಟೀನ್

ನಮ್ಮ ಬೀಗರು ಒಂದು ತೊಟ್ಟೂ ಕುಡಿಯುವವರಲ್ಲ, ಬರೀ ಕಾಯಿಸುವವರು! ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ. ನನ್ನ ಮಗಳು ಕೈಹಿಡಿದದ್ದು ಐರಿಷ್ ಹುಡುಗನನ್ನು. ಸೀಡರ್ ಪಾರ್ಕಿನ ಅವರ ಮನೆಯಲ್ಲಿ ಮೇಲಿನ ರೂಮು ನನ್ನದು, ಗ್ಯಾರೇಜು ಅಳಿಯನ ಅಪ್ಪನದು. ಪಾಪ, ಕಾರುಗಳಿಗೆ ಟೆಕ್ಸಸ್ ಬಿಸಿಲೇ ಗತಿ!

ಗ್ಯಾರೇಜಿನಲ್ಲಿ ತಯಾರಾಗುವುದು ಪೊಟೀನ್. ಬಾರ್ಲಿ ನೆನೆಸಿ, ಹುಳಿ ಬರಿಸಿ, ಕಾಯಿಸಿ, ಆವಿಯನ್ನು ತಾಮ್ರದ ಸುರುಳಿಯಲ್ಲಿ ತಣಿಸಿ ಇಳಿಸುವ ಐರಿಷ್ ಕಳ್ಳಭಟ್ಟಿ. ನನ್ನ ಕಾನ್ವೆಂಟಿನ ಐರಿಷ್ ಸಿಸ್ಟರುಗಳು ಪಿಯಾನೊ ಕಲಿಸಿದರು, ಟೇಬಲ್ ಮ್ಯಾನರ್ಸ್ ಕಲಿಸಿದರು. ಈ ವಿದ್ಯೆಯನ್ನು ಮಾತ್ರ ಮುಚ್ಚಿಟ್ಟರಲ್ಲ!

"ಕುಡಿಯೋಕಲ್ಲ ಬೀಗಿತ್ತಿ, ಇದು ಮೆಡಿಸಿನ್!" ಎಂದು ನನ್ನ ಮಂಡಿನೋವಿಗೆ ಒಂದು ಬಾಟಲಿ ಕೊಟ್ಟರು. ಸಿಸ್ಟರುಗಳನ್ನು ನೆನೆದು ಭಯಭಕ್ತಿಯಿಂದ ತಿಕ್ಕಿಕೊಂಡೆ. ಮಗಳು ಬಂದವಳೇ ಮೂಗು ಮುಚ್ಚಿದಳು.

"ಅಮ್ಮಾ! ಕುಡಿದಿದ್ದೀಯಾ?"

"ಕುಡಿದಿರೋದು ಮಂಡಿ ಕಣೇ, ನಾನಲ್ಲ!"

ಆದರೆ ವಾಸನೆ ಬೇಲಿ ದಾಟಿತು. ಒಂದು ಬೆಳಿಗ್ಗೆ ನಮ್ಮ ಲೇಔಟಿನ ಕಮಿಟಿಯ ಮೇಡಂ ಬಂದು ಬೆಲ್ ಒತ್ತಿದಳು. ಇಲ್ಲಿ ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ. ಬೀಗರು ಸುಣ್ಣದಂತೆ ಬಿಳುಚಿಕೊಂಡರು. ಹೆದರಿಕೆ ಜೈಲಿನದಲ್ಲ.

"ಆ ತಾಮ್ರದ ಕಾಯಿಲ್ ತಗೊಂಡು ಹೋಗ್ತಾರೆ, ಬೀಗಿತ್ತಿ. ಡ್ಯಾಡ್ ಕೈಯಾರೆ ಬಗ್ಗಿಸಿದ್ದು. ಅವರದು ಅಂತ ನನ್ನ ಹತ್ತಿರ ಇರೋದು ಅದೊಂದೇ."

ನಾನು ಸೆರಗು ಸಿಕ್ಕಿಸಿ ಬಾಗಿಲು ತೆರೆದೆ.

"ಏನೋ ಫರ್ಮೆಂಟ್ ಆಗ್ತಿದೆ ಇಲ್ಲಿ!" ಎಂದಳು ಮೇಡಂ.

"ಆಫ್ ಕೋರ್ಸ್!" ಎಂದವಳೇ ಉಕ್ಕಿ ಸುರಿಯುತ್ತಿದ್ದ ದೋಸೆಹಿಟ್ಟಿನ ಪಾತ್ರೆಯನ್ನು ತಂದು ಅವಳ ಮೂಗಿನ ಕೆಳಗೇ ಹಿಡಿದೆ. ಸುಳ್ಳು ಹೇಳಿದೆನೇ? ನೀವೇ ಹೇಳಿ! ಅವಳಿಗೆ ನನ್ನ ಸಿಸ್ಟರುಗಳು ಮೆಚ್ಚುವಂತೆ ಚೇರ್ ಎಳೆದುಕೊಟ್ಟು, ಕಾವಲಿ ಇಟ್ಟೆ. ತುಪ್ಪದ ದೋಸೆ ಗರಿಗರಿಯಾಗಿ ಇಳಿಯುತ್ತಿದ್ದಂತೆ ಕಂಪ್ಲೇಂಟೂ ಕರಗಿಹೋಯಿತು. ಚಟ್ನಿಯ ರೆಸಿಪಿ ಕೇಳಿಕೊಂಡು, ಡಬ್ಬಿ ತುಂಬ ಹಿಟ್ಟು ಹಿಡಿದು ಹೊರಟಳು ನೋಡಿ! ಟೆಕ್ಸಸ್ ಗೆದ್ದವಳಂತೆ ನಾನು ಗ್ಯಾರೇಜಿಗೆ ನುಗ್ಗಿದೆ.

ಬೀಗರು ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಟವೆಲಿನಿಂದ ಸುಮ್ಮನೆ ಒರೆಸುತ್ತ ಕೂತಿದ್ದರು. ನಾನು ಬಂದ ದಾರಿಯಲ್ಲೇ ತಿರುಗಿದೆ. ಒಳಗೆ ಹೋಗಿ ಕುಂಕುಮ ತಂದು ತಾಮ್ರಕ್ಕೆ ಹಚ್ಚಿದೆ.

"ಇದೇನು?"

"ಹಿರಿಯರ ಕೈಕೆಲಸ ಅಲ್ಲವೇ? ನಮ್ಮಲ್ಲಿ ಹೀಗೆ."

ಬೀಗರು ಟೋಪಿ ತೆಗೆದು ಮೆಲ್ಲಗೆ ಎದ್ದು ನಿಂತರು, ಅವರ ಅಪ್ಪನೇ ಒಳಗೆ ಬಂದ ಹಾಗೆ.