ಒಂದು ಫ್ಯಾನಿನ ಕರಾರು

ತಾನು ಮಾಡದೇ ಇರುವ ಕೆಲಸವನ್ನು ಬೇರೆಯವರಿಗೆ ಕಲಿಸುವುದರಲ್ಲಿ ಒಂದು ಸುಖವಿದೆ. ಬೋರ್ಡಿನ ಮೇಲೆ ಯಾವುದೂ ಕೆಡುವುದಿಲ್ಲ. ನಾನು ವಿಜಯಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹನ್ನೆರಡು ವರ್ಷಗಳಿಂದ ಕಂಪ್ಯೂಟರ್ ಪಾಠ ಹೇಳುತ್ತಿದ್ದೇನೆ. ಅದರಲ್ಲಿ ವರ್ಚುವಲೈಸೇಶನ್ ಎಂಬ ಒಂದು ಅಧ್ಯಾಯ ಬರುತ್ತದೆ. ಒಂದೇ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತಾರು ಕಂಪ್ಯೂಟರುಗಳು ಬೇರೆ ಬೇರೆಯಾಗಿ ಬದುಕುವಂತೆ ಮಾಡುವ ವಿದ್ಯೆ ಅದು. ನಾನು ಹುಟ್ಟಿ ಬೆಳೆದದ್ದು ಜೋರಾಪುರ ಪೇಟೆಯ ಹಳೆಯ ವಾಡೆಯಲ್ಲಿ. ಅಲ್ಲಿ ಒಂದು ಸೂರಿನ ಕೆಳಗೆ ಏಳು ಬಿಡಾರ; ಪ್ರತಿಯೊಬ್ಬರೂ ಇಡೀ ಮನೆ ತಮ್ಮದೇ ಎಂಬ ಠೀವಿಯಲ್ಲಿ ಓಡಾಡುತ್ತಿದ್ದರು, ನಳ ಮಾತ್ರ ಒಂದೇ. ಆ ವಾಡೆಯನ್ನೇ ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದೆ. ಮಕ್ಕಳು ತಲೆದೂಗುತ್ತಿದ್ದರು, ನಾನೂ ತಲೆದೂಗುತ್ತಿದ್ದೆ. ಹೋದ ವರ್ಷ ಟಿಕೋಟಾದಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಇದನ್ನ ನೀವು ಮಾಡಿ ನೋಡೀರೇನ್ರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಕುಚೋದ್ಯವಿರಲಿಲ್ಲ, ಅದೇ ನನ್ನನ್ನು ಕೆಡಿಸಿತು. "ಮುಂದಿನ ವಾರ ಹೇಳ್ತೀನಿ, ಕೂಡ್ರವಾ" ಎಂದೆ. ಮುಂದಿನ ವಾರ ಗಂಟಲು ನೋವೆಂದು ರಜೆ ಹಾಕಿದೆ.

ಗಂಟಲು ನೋವಿಲ್ಲದೆ ಮನೆಯಲ್ಲಿ ಕೂತ ಆ ದಿನ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇನ್ನು ಮಾಡಿ ನೋಡದ್ದನ್ನು ಪಾಠ ಮಾಡುವುದಿಲ್ಲ ಎಂದು ನಿಶ್ಚಯಿಸಿದೆ. ಮನೆಯಲ್ಲೇ ಕಂಪ್ಯೂಟರುಗಳನ್ನು ಜೋಡಿಸುವುದು, ಹಗಲೂ ರಾತ್ರಿ ನಡೆಸುವುದು, ಮಕ್ಕಳು ಕಾಲೇಜಿನಿಂದಲೇ ಅವುಗಳ ಮೇಲೆ ಅಭ್ಯಾಸ ಮಾಡುವಂತೆ ಮಾಡುವುದು. ಯೋಜನೆ ಚೆನ್ನಾಗಿತ್ತು. ಆದರೆ ನಮ್ಮ ಮನೆಯಲ್ಲಿ ವಿದ್ಯುತ್ ಖಾತೆ ನನ್ನ ಕೈಯಲ್ಲಿಲ್ಲ.

ನನ್ನ ಹೆಂಡತಿ ಸುವರ್ಣಾ ಬಬಲೇಶ್ವರದವಳು. ಅಥಣಿ ರಸ್ತೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವಳದೊಂದು ರೊಟ್ಟಿ ಕೇಂದ್ರವಿದೆ. ಇಟ್ಟಂಗಿಹಾಳದಿಂದ ಮಾದೇವಕ್ಕ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಬಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಜೋಳದ ರೊಟ್ಟಿ ಬಡಿಯುತ್ತಾರೆ. ಅವನ್ನು ಕಟಿಯಾಗುವವರೆಗೆ, ಅಂದರೆ ಬಾಗದೆ ಪಟ್ಟನೆ ಮುರಿಯುವವರೆಗೆ, ಒಲೆಯ ಸುತ್ತ ಒಣಗಿಸಿ, ಊರಿನ ಖಾನಾವಳಿಗಳಿಗೆ ಕಳಿಸುತ್ತಾರೆ. ಒಲೆಗೆ ಗಾಳಿ ತಾಗದಂತೆ ತಗಡಿನ ಮರೆ ಕಟ್ಟಿ, ಬಡಿಯುವವರ ನೆತ್ತಿಯ ಮೇಲೆ ಒಂದು ಫ್ಯಾನು ಹಾಕಿದ್ದೇವೆ. ಕರೆಂಟು ಹೋದರೆ ಇನ್ವರ್ಟರು ಮೊದಲು ಸಾಕಬೇಕಾದದ್ದು ಆ ಫ್ಯಾನನ್ನು. ನಮ್ಮೂರ ಬಿಸಿಲಿನಲ್ಲಿ ಒಲೆಯ ಪಕ್ಕ ಕೂತವರಿಗೆ ಗಾಳಿ ನಿಂತರೆ ಏನಾಗುತ್ತದೆ ಎಂಬುದು ಹೊರಗೆ ಕುರ್ಚಿಯಲ್ಲಿ ಕೂತವನಿಗೆ ತಿಳಿಯುವುದಿಲ್ಲ. ನನಗೆ ಅದನ್ನು ಅನೇಕ ಸಲ ತಿಳಿಸಿಕೊಡಲಾಗಿದೆ.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಗುಜರಿಯಲ್ಲಿ ಯಾವುದೋ ಕಚೇರಿಯವರು ಕೈಬಿಟ್ಟ ದೊಡ್ಡ ಸರ್ವರ್ ಒಂದು ಸಿಕ್ಕಿತು. ಇಬ್ಬರು ಹೊತ್ತು ತಂದರು. ಬಟನ್ ಒತ್ತಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಮಾಸ್ತರರು ಗೇಟಿಗೆ ಬಂದು, "ಗಿರಣಿ ಹಾಕೀರೇನ್ರಿ? ನಮ್ದೂ ಒಂದು ಪಡಿ ಗೋಧಿ ಅದ" ಎಂದರು. ಮಧ್ಯಾಹ್ನ ಕರೆಂಟು ಹೋಯಿತು. ಮೂರು ತಾಸು ತಾಳಬೇಕಾದ ಇನ್ವರ್ಟರು ಅರ್ಧ ತಾಸಿಗೇ ಕೀ ಎಂದು ಕೂಗಿ ಕೈಚೆಲ್ಲಿತು. ಫ್ಯಾನು ನಿಂತಿತು. ಮಾದೇವಕ್ಕ ಹೊರಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಆ ಯಂತ್ರವನ್ನೂ ನನ್ನನ್ನೂ ಸಮನಾಗಿ ನೋಡಿ ಒಳಗೆ ಹೋದಳು.

ಸುವರ್ಣಾ ಜಗಳವಾಡಲಿಲ್ಲ. ಅವಳು ಜಗಳವಾಡಿದ್ದರೆ ನಾನು ಗೆಲ್ಲುವ ಸಾಧ್ಯತೆ ಸ್ವಲ್ಪವಾದರೂ ಇರುತ್ತಿತ್ತು. ಚಹಾ ಕೊಟ್ಟು ಕೂತು ಕರಾರು ಹೇಳಿದಳು. "ನೀವು ಮೂರು ಇಡ್ರಿ, ಮೂವತ್ತು ಇಡ್ರಿ. ಎಲ್ಲಾ ಕೂಡಿ ನನ್ನ ಒಂದು ಫ್ಯಾನಿಗಿಂತ ಹೆಚ್ಚು ಕರೆಂಟ್ ತಿನ್ನಬಾರದು. ಪಂಚಮಿ ಮಟ ನೋಡ್ತೀನಿ. ಪಂಚಮಿ ಆರ್ಡರ್‌ದಾಗ ಫ್ಯಾನ್ ನಿಂತ್ರ ಅವು ಹೊರಗ."

ನಮ್ಮ ಕಡೆ ನಾಗರ ಪಂಚಮಿಗೆ ಮೊದಲು ರೊಟ್ಟಿ ಪಂಚಮಿ ಬರುತ್ತದೆ. ಮನೆಮನೆಯವರು ರೊಟ್ಟಿ, ಪಲ್ಯ, ಚಟ್ನಿ ಕಟ್ಟಿಕೊಂಡು ಬೀಗರಿಗೆ, ನೆರೆಯವರಿಗೆ ಬೀರುತ್ತಾರೆ. ಈಗ ಬಡಿಯಲು ಬಾರದ ಮನೆಗಳೇ ಹೆಚ್ಚಾದ್ದರಿಂದ ಆ ವಾರ ಸುವರ್ಣಾಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಹೀಗೆ ನನ್ನ ಪರೀಕ್ಷೆಯ ದಿನ ಗೊತ್ತಾಯಿತು.

ಅಂದಿನಿಂದ ನಾನು ಲೋಕವನ್ನೆಲ್ಲ ಫ್ಯಾನಿನ ಲೆಕ್ಕದಲ್ಲಿ ಅಳೆಯತೊಡಗಿದೆ. ಎಷ್ಟು ಕರೆಂಟು ತಿನ್ನುತ್ತದೆ ಎಂದು ತೋರಿಸುವ ಮೀಟರ್ ಒಂದನ್ನು ತರಿಸಿ ಮನೆಯ ಪ್ಲಗ್ಗುಗಳಿಗೆಲ್ಲ ಹಚ್ಚಿ ನೋಡಿದೆ. ಟಿ.ವಿ. ಒಂದೂಕಾಲು ಫ್ಯಾನು. ಮಿಕ್ಸರ್ ಏಳು ಫ್ಯಾನು, ಅದೂ ಶೇಂಗಾ ಚಟ್ನಿಗೆ. ಫ್ರಿಜ್ಜನ್ನು ಅಳೆದವನು ಮರಳಿ ಪ್ಲಗ್ ಹಾಕುವುದನ್ನು ಮರೆತು ಎರಡು ಲೀಟರ್ ಹಾಲು ಒಡೆದಾಗ, "ಹಾಲು ಎಷ್ಟು ಫ್ಯಾನ್ ಆತ್ರಿ?" ಎಂದು ಸುವರ್ಣಾ ಕೇಳಿದಳು. ದೊಡ್ಡ ಸರ್ವರು ಮೂರೂವರೆ ಫ್ಯಾನು. ಅದನ್ನು ಗುಜರಿಗೇ ಬೀಳ್ಕೊಟ್ಟೆ. ಬದಲಿಗೆ ಕಚೇರಿಗಳಲ್ಲಿ ದುಡಿದು ಹಳತಾದ, ಊಟದ ಡಬ್ಬಿಯಷ್ಟೇ ಇರುವ ಮೂರು ಚಿಕ್ಕ ಕಂಪ್ಯೂಟರುಗಳನ್ನು ತಂದೆ. ಸುಮ್ಮನಿದ್ದರೆ ಮೂರೂ ಸೇರಿ ಅರ್ಧ ಫ್ಯಾನು. ದುಡಿಯತೊಡಗಿದರೆ ಮಾತ್ರ ಒಂದೂವರೆ ದಾಟುತ್ತಿದ್ದವು. ಆ ಹೆಚ್ಚಿನ ಅರ್ಧ ಫ್ಯಾನನ್ನು ಕಳೆಯುವುದೇ ನನ್ನ ಜೀವನದ ಗುರಿಯಾಯಿತು.

ಅವುಗಳನ್ನಿಡಲು ಜಾಗ ಸಿಕ್ಕಿದ್ದು ರೊಟ್ಟಿ ಕೋಣೆಯ ಪಕ್ಕದ ಉಗ್ರಾಣದಲ್ಲಿ. ಅಲ್ಲಿ ಕಲ್ಲಿನ ಗೂಡೊಂದಿದೆ, ತಂಪಾಗಿರುತ್ತದೆ. ಮೂರನ್ನೂ ಸಾಲಾಗಿ ಕೂಡಿಸಿ, ವೈರು ಎಳೆದು, ಪುಸ್ತಕದಲ್ಲಿ ಮಾತ್ರ ಕಂಡಿದ್ದನ್ನು ಒಂದೊಂದಾಗಿ ಮಾಡಿದೆ. ಹತ್ತು ಸಲ ಕೆಟ್ಟಿತು, ಹನ್ನೊಂದನೆಯ ಸಲ ನಡೆಯಿತು. ಒಂದು ಡಬ್ಬಿಯ ಒಳಗಿದ್ದ ಕಂಪ್ಯೂಟರು ನಡೆಯುತ್ತಿರುವಾಗಲೇ ಪಕ್ಕದ ಡಬ್ಬಿಗೆ ಬಿಡಾರ ಬದಲಿಸಿದ್ದನ್ನು ಕಣ್ಣಾರೆ ಕಂಡಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ಕಣ್ಣು ಒದ್ದೆಯಾಯಿತು. ಮರುದಿನ ಟಿಕೋಟಾದ ಹುಡುಗಿಯನ್ನು ನಿಲ್ಲಿಸಿ, "ನೀ ಕೇಳಿದ್ಯಲ್ಲವಾ, ಮಾಡಿ ನೋಡೀನಿ" ಎಂದೆ. ಅವಳು ಗಾಬರಿಯಿಂದ, "ನಾ ಏನ್ ಕೇಳಿದ್ನ್ರಿ ಸರ್?" ಎಂದಳು. ಆದರೂ ಆ ವಾರದಿಂದ ಮಕ್ಕಳು ನಮ್ಮ ಉಗ್ರಾಣದ ಗೂಡಿನ ಮೇಲೆ ಅಭ್ಯಾಸ ಮಾಡತೊಡಗಿದರು. ಕೆಡಿಸಿದರು, ಸರಿಮಾಡಿದರು, ನನಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಕೇಳಿದರು. ಆ ಗೂಡು ಖಾಲಿಯಾದರೆ ನಾನು ಮತ್ತೆ ಸೀಮೆಸುಣ್ಣ ಹಿಡಿದು ವಾಡೆ ಬರೆಯುವವನೇ ಎಂಬುದು ಈಗ ನನ್ನ ನೆತ್ತಿಯ ಮೇಲೆ ಕೂತಿತ್ತು.

ಆಗ ಶುರುವಾಯಿತು ಮೂರನೆಯ ಡಬ್ಬಿಯ ಕಾಯಿಲೆ. ಕಾಲೇಜಿನಿಂದ ನೋಡಿದರೆ ಬೆಳಗ್ಗೆ ಚೆನ್ನಾಗಿರುತ್ತಿತ್ತು. ಹನ್ನೊಂದರ ಸುಮಾರಿಗೆ ಮೈ ಕಾಯುತ್ತಿತ್ತು, ಹನ್ನೆರಡಕ್ಕೆ ತಾನಾಗಿ ಆರಿಹೋಗುತ್ತಿತ್ತು. ಸಂಜೆ ನಾನು ಮನೆಗೆ ಬಂದು ಮುಟ್ಟಿದರೆ ತಣ್ಣಗೆ, ಏನೂ ಆಗದಂತೆ. ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಮೆಮೊರಿ ಬದಲಿಸಿದೆ. ಮಕ್ಕಳ ಮೇಲೆ ಅನುಮಾನಪಟ್ಟು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಎರಡು ವಾರ ಹೀಗೆ ಕಳೆದ ಮೇಲೆ ಒಂದು ದಿನ ಅರ್ಧ ರಜೆ ಹಾಕಿ ಹನ್ನೊಂದಕ್ಕೇ ಉಗ್ರಾಣಕ್ಕೆ ನುಗ್ಗಿದೆ. ಮೂರನೆಯ ಡಬ್ಬಿ ಕಾಣಲೇ ಇಲ್ಲ. ಅದರ ಮೇಲೆ ಒಂದು ದೊಡ್ಡ ಬಿದಿರಿನ ಬುಟ್ಟಿ, ಬುಟ್ಟಿಯ ತುಂಬ ರೊಟ್ಟಿ, ರೊಟ್ಟಿಯ ಮೇಲೆ ಬಿಳಿ ಧೋತರ, ಗಾಳಿಯಾಡದಂತೆ ಸುತ್ತಲೂ ಸಿಕ್ಕಿಸಿತ್ತು.

"ಇದನ್ನ ಇಲ್ಲಿ ಇಟ್ಟವರು ಯಾರು?" ಎಂದು ಕೂಗಿದೆ.

ಮಾದೇವಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ನಾನ ಇಟ್ಟೇನ್ರಿ ಸರ. ಜಿಟಿಜಿಟಿ ಮಳಿ ಹತ್ತಿತ್ತು, ರೊಟ್ಟಿ ಮೆತ್ತಗಾಗಾಕತ್ತಿದ್ದು. ಈ ಡಬ್ಬಿ ಬೆಚ್ಚಗ ಅದ. ಇದರ ಮ್ಯಾಲ ಇಟ್ರ ಕಟಿ ಅಂದ್ರ ಕಟಿ. ನೀವು ಅದಕ್ಕಂತನ ಇಟ್ಟೀರಿ ಅನ್ಕೊಂಡಿದ್ದೆ."

"ಸಂಜಿಗೆ ನಾ ಬಂದಾಗ ಬುಟ್ಟಿ ಇರೂದಿಲ್ಲಲ್ಲ?"

"ಸಂಜಿಮಟ ಯಾಕ ಇರ್ತಾವ್ರಿ? ಮಧ್ಯಾಹ್ನಕ್ಕ ಮಾಲು ಹೋಗ್ತದ." ಇಷ್ಟು ಸರಳ ವಿಷಯ ನನಗೆ ಗೊತ್ತಿಲ್ಲದ್ದಕ್ಕೆ ಅವಳಿಗೆ ಕನಿಕರವಾಯಿತು.

ಬುಟ್ಟಿ ಎತ್ತಿಸಿದೆ. "ಇದರ ಮೇಲೆ ಏನನ್ನೂ ಇಡಬಾರದು" ಎಂದು ಬರೆದು ಗೋಡೆಗೆ ಅಂಟಿಸಿದೆ. ಪಂಚಮಿಗೆ ಹತ್ತು ದಿನವಷ್ಟೇ ಉಳಿದಿತ್ತು. ಕಾಯಿಲೆ ಬಿಟ್ಟುಹೋದ ಮೇಲೆ ಮೂರೂ ಡಬ್ಬಿಗಳಿಗೆ ಕೊನೆಯ ಪಾಠ ಕಲಿಸಿದೆ. ಕೆಲಸ ಕಡಿಮೆಯಿದ್ದಾಗ, ಅಥವಾ ಕರೆಂಟು ಹೋದಾಗ, ಒಳಗಿನ ಬಿಡಾರಗಳೆಲ್ಲ ತಾವಾಗಿ ಮೊದಲನೆಯ ಡಬ್ಬಿಗೆ ಬಂದು ಸೇರಬೇಕು, ಉಳಿದೆರಡು ಮಲಗಬೇಕು. ಕೆಲಸ ಬಂದರೆ ಮತ್ತೆ ಎದ್ದು ಹಂಚಿಕೊಳ್ಳಬೇಕು, ಆದರೆ ಮೂರೂ ಸೇರಿ ಒಂದು ಫ್ಯಾನು ದಾಟದಂತೆ ನಿಧಾನವಾಗಿ. ಇದನ್ನು ಸಾಧಿಸಿದ ಸಂಜೆ ಮೀಟರ್ ನೋಡಿದರೆ ಕಾಲು ಫ್ಯಾನು. ಇಡೀ ಅಥಣಿ ರಸ್ತೆಯಲ್ಲಿ ನನ್ನಷ್ಟು ಮಿತವ್ಯಯಿ ಇನ್ನೊಬ್ಬನಿಲ್ಲ ಎನಿಸಿತು.

ರೊಟ್ಟಿ ಪಂಚಮಿಯ ಹಿಂದಿನ ದಿನ ಬೆಳಗಿನಿಂದಲೇ ಮೋಡ ಮುಚ್ಚಿ ತುಂತುರು ಹಿಡಿದಿತ್ತು. ಹತ್ತೂವರೆಗೆ ಕರೆಂಟು ಹೋಯಿತು. ನಾನು ರಜೆ ಹಾಕಿ ಉಗ್ರಾಣದಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಎರಡು ಡಬ್ಬಿಗಳು ಮಲಗಿದವು. ಪಕ್ಕದ ಕೋಣೆಯಿಂದ ರೊಟ್ಟಿ ಬಡಿಯುವ ಪಟಪಟ ಸದ್ದು, ಫ್ಯಾನಿನ ಗರಗರ. ಒಂದು ತಾಸಾಯಿತು, ಎರಡು ತಾಸಾಯಿತು. ಇನ್ವರ್ಟರು ಉಸಿರೆತ್ತಲಿಲ್ಲ. ಕರೆಂಟು ಮರಳಿ ಬಂದಾಗ ಫ್ಯಾನು ಒಂದು ಸುತ್ತೂ ತಪ್ಪದೆ ತಿರುಗುತ್ತಿತ್ತು. ನಾನು ಎದ್ದು ಹೋಗಿ ಸುವರ್ಣಾಳನ್ನು ಕರೆತಂದು ಮೀಟರ್ ತೋರಿಸಿದೆ. ಅವಳು ಓದಿದಳು, ಒಪ್ಪಿದಳು. "ಕರಾರು ಗೆದ್ರಿ. ಇರ್ಲಿ ಇವು" ಎಂದಳು. ಹನ್ನೆರಡು ವರ್ಷಗಳ ಮೇಲೆ ಯಾರೋ ನನಗೆ ಪಾಸು ಅಂದಂತಾಯಿತು.

ಅಷ್ಟರಲ್ಲಿ ಮಾದೇವಕ್ಕ ಒಂದು ರೊಟ್ಟಿ ಹಿಡಿದು ಬಂದಳು. ಮುರಿಯಲು ನೋಡಿದಳು, ಅದು ಮುರಿಯದೆ ಬಾಗಿತು. "ನಾಲ್ಕು ಬುಟ್ಟಿ ಹಿಂಗ ಆಗ್ಯಾವ್ರಿ ಅಕ್ಕಾರ. ನಾಳಿಗೆ ಬಬಲೇಶ್ವರಕ್ಕ ಹೋಗೂವು." ನಂತರ ಮೂರನೆಯ ಡಬ್ಬಿಯ ನೆತ್ತಿಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವಳಂತೆ ತುಸು ಹೊತ್ತು ನಿಂತು, ಬೇಸರದಿಂದ ಹೇಳಿದಳು: "ತಣ್ಣಗ ಅದ."

ಸುವರ್ಣಾ ನನ್ನ ಕಡೆ ತಿರುಗಿದಳು. "ಇದನ್ನ ಎಬ್ಬಸ್ರಿ."

"ಅದಕ್ಕೆ ಕೆಲಸ ಇಲ್ಲ. ಕೆಲಸ ಇಲ್ಲದಾಗ ಮಲಗಬೇಕು, ಅದರ ಸಲುವಾಗಿನೇ ನಾ ಇಷ್ಟು ದಿನ..."

"ಕೆಲಸ ಇಲ್ದಿದ್ರ ಕೊಡ್ರಿ. ಕರಾರು ಮಾಡಿದಾಕಿ ನಾನ. ಮಳಿಗಾಲ ಮುಗಿಯೂ ಮಟ ಒಂದೂವರಿ ಫ್ಯಾನ್ ತಿನ್ಲಿ. ಕರೆಂಟ್ ಹೋದಾಗಷ್ಟ ಮಲಗಸ್ರಿ."

ಬುಟ್ಟಿಯ ಅಡಿಗೆ ಎರಡು ಇಟ್ಟಿಗೆ ಕೊಟ್ಟು, ಅದಕ್ಕೂ ಡಬ್ಬಿಗೂ ನಡುವೆ ಗಾಳಿಯಾಡಲು ಸಂದಿ ಬಿಡಿಸಿದ್ದಷ್ಟೇ ನನ್ನ ಪಾಲಿನ ಗೆಲುವು. ಉಳಿದದ್ದನ್ನು ಹೇಳಲು ಸಂಕೋಚವಾಗುತ್ತದೆ. ಒಂದೊಂದು ವ್ಯಾಟನ್ನೂ ಉಳಿಸಲು ಎಂಟು ತಿಂಗಳು ತಲೆ ಕೆಡಿಸಿಕೊಂಡ ನಾನು, ಅದೇ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು, ಯಾರಿಗೂ ಬೇಡದ ದೊಡ್ಡ ದೊಡ್ಡ ಸಂಖ್ಯೆಗಳನ್ನು ಬಿಡುವಿಲ್ಲದೆ ಗುಣಿಸುತ್ತಲೇ ಇರುವ ಒಂದು ಪ್ರೋಗ್ರಾಮು ಬರೆದೆ. ಡಬ್ಬಿ ಕಾಯಿತು. ಮೋಡವಾದರೆ ಈಗಲೂ ಮಾದೇವಕ್ಕ ಫೋನ್ ಮಾಡಿಸುತ್ತಾಳೆ, ನಾನು ಕಾಲೇಜಿನಿಂದಲೇ ಅದನ್ನು ಚಾಲೂ ಮಾಡುತ್ತೇನೆ. ನಾನು ಬರೆದವುಗಳಲ್ಲಿ, ನಿಂತುಹೋದರೆ ಮನೆಯವರೆಲ್ಲ ನನ್ನನ್ನು ಹುಡುಕಿಕೊಂಡು ಬರುವಂಥ ಪ್ರೋಗ್ರಾಮು ಅದೊಂದೇ.