ಹೇರೋಹಳ್ಳಿಗೆ ಹೋದ ಬೋಳು ಮರ

ಪುಕ್ಕಲರು ಜಲವರ್ಣದ ಸಹವಾಸಕ್ಕೆ ಹೋಗಬಾರದು. ಪೆನ್ಸಿಲಿಗಾದರೆ ರಬ್ಬರು ಇದೆ. ಇಲ್ಲಿ ತಪ್ಪಿದರೆ ತಪ್ಪಿದ್ದೇ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಓಡಿಬರುವ ಜಾತಿ ನನ್ನದು. ಆದರೂ ನಿವೃತ್ತಿಯಾದ ಮೇಲೆ ಬಸವೇಶ್ವರನಗರದ ನಮ್ಮ ರಸ್ತೆಯಲ್ಲೇ ನಡೆಯುವ ಚಿತ್ರಕಲಾ ತರಗತಿಗೆ ಸೇರಿದೆ. ಟೀಚರಮ್ಮ ನನ್ನ ನಡುಗುವ ಕೈ ನೋಡಿ, “ಅಂಕಲ್, ನೀವು ಚಳಿಗಾಲದ ಕೊಂಬೆ ಬಿಡಿಸಿ. ಕೊಂಬೆ ನೆಟ್ಟಗಿರಬಾರ್ದು, ನಿಮ್ಮ ಕೈಗೆ ಅದು ತಾನಾಗೇ ಬರತ್ತೆ” ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ನಮ್ಮ ಬೀದಿಯ ಮರಗಳು ಜನವರಿಯಲ್ಲೂ ಹಸಿರಾಗಿಯೇ ನಿಂತಿರುತ್ತವೆ. ಹಾಗಾಗಿ ಅವರೇ ಕೊಟ್ಟ ಯಾವುದೋ ಹಿಮದೇಶದ ಫೋಟೊ ನೋಡಿಕೊಂಡು ಹನ್ನೊಂದು ಹಾಳೆ ಕೆಡಿಸಿದೆ. ಹನ್ನೆರಡನೆಯದು ಹೇಗೋ ಮರವಾಯಿತು. ಬುಡದಲ್ಲಿ ಹಿಮಕ್ಕೆಂದು ಬಿಟ್ಟ ಬಿಳಿಯೂ ಚೆನ್ನಾಗಿಯೇ ಇತ್ತು.

ಆ ಖುಷಿಯಲ್ಲಿ ಫ್ರೇಮ್ ಹಾಕಿಸಿ, ಹೇರೋಹಳ್ಳಿಯಲ್ಲಿ ಹೆಂಡತಿಯ ತಂಗಿಯ ಗೃಹಪ್ರವೇಶಕ್ಕೆ ಉಡುಗೊರೆಯೆಂದು ಹೊತ್ತುಕೊಂಡು ಹೊರಟೆ. ಆಟೋ ಹತ್ತಿದ ಮೇಲೆ ಹೆಂಡತಿ, “ಅದರಲ್ಲಿ ಏನು ಬಿಡಿಸಿದೀರಿ?” ಎಂದಳು. ಹೇಳಿದೆ.

“ಒಂದು ಎಲೆನೂ ಇಲ್ವಾ? ಹೊಸ ಮನೆಗೆ ಬೋಳು ಮರ ತಗೊಂಡು ಹೋಗ್ತಾರೇನ್ರೀ ಯಾರಾದ್ರೂ!”

ಬಾಗಿಲಿಗೆ ಮಾವಿನ ಎಲೆ ಕಟ್ಟಿ ಹಾಲುಕ್ಕಿಸುವ ಮನೆಗೆ ನಾನು ಒಣಮರ ಒಯ್ಯುತ್ತಿದ್ದೇನೆ. ನಾಳೆ ಅಲ್ಲಿ ಯಾರಿಗಾದರೂ ನೆಗಡಿಯಾದರೂ ಅದು ನನ್ನ ತಲೆಗೇ. ರಸ್ತೆಯ ಗುಂಡಿಗಳಲ್ಲಿ ಕುಲುಕಿ ಗಾಜಾದರೂ ಒಡೆಯಲಿ ಎಂದು ಮನಸಾರೆ ಬೇಡಿಕೊಂಡೆ. ಒಡೆಯಲಿಲ್ಲ.

ಹೇರೋಹಳ್ಳಿ ತಲುಪಿ, ಎಲ್ಲಾದರೂ ಬಚ್ಚಿಡೋಣ ಎನ್ನುವಷ್ಟರಲ್ಲಿ ನಾದಿನಿ ಕಾಗದ ಬಿಚ್ಚಿಯೇಬಿಟ್ಟಳು. ಮೂಲೆಯಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದ ಅವಳ ಅತ್ತೆ ಎದ್ದು ಬಂದರು. ಮನೆ ಕಟ್ಟಲು ಸೈಟಿನಲ್ಲಿದ್ದ ಹೊಂಗೆ ಮರ ಕಡಿಸಿದಂದಿನಿಂದ ಅವರು ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಚಿತ್ರವನ್ನು ಕಣ್ಣ ಹತ್ತಿರ ಹಿಡಿದರು.

“ನಮ್ಮ ಹೊಂಗೆ ಮರ ಅಲ್ವೇನಪ್ಪಾ? ಎಲೆ ಉದುರಿಸ್ಕೊಂಡಾಗ ಹಿಂಗೇ ನಿಂತಿರ್ತಿತ್ತು. ಬುಡಕ್ಕೆ ನಾನು ಸುಣ್ಣ ಬಳಿದಿದ್ದೂ ಬಿಡಿಸಿದೀಯಲ್ಲ!”

ಅವರ ಕಣ್ಣು ತುಂಬಿತ್ತು. “ಹೌದಮ್ಮ, ಅದೇ” ಎಂದುಬಿಟ್ಟೆ.

“ಈ ಕೊಂಬೆಲಿ ಮಕ್ಕಳ ಉಯ್ಯಾಲೆ ಇತ್ತು, ಅದನ್ನ ಮರ್ತಿದೀಯ. ಹಾಕ್ಕೊಡು” ಎಂದು ಚಿತ್ರವನ್ನು ನನ್ನ ಕೈಗೇ ವಾಪಸು ಕೊಟ್ಟರು.

ಈಗ ಅದು ನನ್ನ ಮೇಜಿನ ಮೇಲಿದೆ. ನಾದಿನಿ ದಿನಾ ಫೋನ್ ಮಾಡುತ್ತಾಳೆ: “ಭಾವ, ಅತ್ತೆ ನನ್ನ ಜೊತೆ ಮಾತಾಡ್ತಾ ಇದಾರೆ! ಉಯ್ಯಾಲೆ ಯಾವಾಗ ಬರತ್ತೆ ಅಂತಾನೇ ಕೇಳೋದು.” ಆ ಹೊಂಗೆ ಮರವನ್ನು ನಾನು ಒಮ್ಮೆಯೂ ಕಂಡವನಲ್ಲ. ಉಯ್ಯಾಲೆಗೆ ಹಲಗೆ ಇತ್ತೋ, ಬರೀ ಹಗ್ಗವೋ? ಕೇಳಿದರೆ ಸಿಕ್ಕಿಬೀಳುತ್ತೇನೆ, ಕೇಳದೆ ಬಿಡಿಸಿದರೂ ಸಿಕ್ಕಿಬೀಳುತ್ತೇನೆ. ಹೀಗಾಗಿ ಆರು ದಿನದಿಂದ ಕುಂಚ ತೊಳೆಯುತ್ತಿದ್ದೇನೆ. ಇಷ್ಟು ಶುದ್ಧವಾದ ಕುಂಚ ನಮ್ಮ ತರಗತಿಯಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ.