ದೆವ್ವದ ಕತೆ ಬರೆಯಲು ಕೂತ ಜಾಗಗಳು

ಬರೆಯಬೇಕೆಂದು ನಾನು ಎಲ್ಲಿ ಕೂತರೂ ಅಲ್ಲಿ ಏನಾದರೊಂದು ಆಗಿಯೇ ಆಗುತ್ತದೆ, ಬರವಣಿಗೆಯೊಂದನ್ನು ಬಿಟ್ಟು.

ತೆಲುಗು ಸೀಮೆಯ ರಾಯದುರ್ಗದ ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಹೇಳುವವಳು ನಾನು. ವಾರಪತ್ರಿಕೆಯೊಂದರ ಸಂಪಾದಕರು ವಿಶೇಷಾಂಕಕ್ಕೆ ದೆವ್ವದ ಕತೆ ಕೇಳಿದ್ದರು. ಹಿಂದೆ ಎರಡು ಸಲ ಒಪ್ಪಿಕೊಂಡು ಕೈಕೊಟ್ಟಿದ್ದೆ. "ಈ ಸಲವೂ ಬರದಿದ್ದರೆ ಇನ್ನು ನಿಮ್ಮನ್ನ ಕೇಳೋದಿಲ್ಲ ಮೇಡಂ" ಎಂದು ಅವರು ಮೆತ್ತಗೆ ಹೇಳಿದ್ದು ಎದೆಗೆ ನಾಟಿತ್ತು. ಮನೆಯಲ್ಲಿ ಕೂತರೆ ಟೀವಿ, ಕುಕ್ಕರು, ಕಾಲಿಂಗ್ ಬೆಲ್ಲು. ಪೆನ್ನಿನ ಮುಚ್ಚಳ ತೆಗೆದ ಸದ್ದಿಗೇ ನಮ್ಮ ಯಜಮಾನರಿಗೆ ಟೀ ನೆನಪಾಗುತ್ತದೆ. ಜಾಗ ಹುಡುಕಿಕೊಂಡು ಹೊರಟೆ.

ಕೋಟೆಯ ಮೇಲಿನ ದನಿ

ಒಂದು ಭಾನುವಾರ ಬೆಳಿಗ್ಗೆ ಬುತ್ತಿ, ಹಾಳೆ ಹಿಡಿದು ಊರ ಬೆಟ್ಟ ಹತ್ತಿ, ಕೋಟೆಯ ಪಾಳು ಮಂಟಪವೊಂದರಲ್ಲಿ ಕೂತೆ. ಕೆಳಗಿನ ಊರಿನ ಸದ್ದು ಒಂದೊಂದಾಗಿ ಅಡಗಿತು. ಯಾರೋ ಮಲಗಿ ಉಸಿರಾಡಿದಂತೆ ಬಂಡೆ ಸಂದಿಯಲ್ಲಿ ಗಾಳಿ ಬಂದು ಹೋಗುತ್ತಿತ್ತು. ಬಿಳಿ ಹಾಳೆ ನೋಡುತ್ತ ಕೂತಿದ್ದಾಗ ಬೆನ್ನ ಹಿಂದೆ, ಗೋಡೆಯೊಳಗಿಂದಲೇ ಬಂದಂತೆ, ಒಂದು ದನಿ: "ಬರೀರಿ... ಬರೀರಿ..."

ತಿರುಗಿದರೆ ಯಾರೂ ಇಲ್ಲ. ಮತ್ತೆ, ಇನ್ನೂ ಹತ್ತಿರದಿಂದ, "ಬರೀರಿ". ಯಾವ ಕಾಲದ ಆತ್ಮವೋ, ನನ್ನ ಸಂಕಟ ಅದಕ್ಕೆ ಹೇಗೆ ಗೊತ್ತಾಯಿತೋ! ಪೆನ್ನು ಹಿಡಿದು ಏನೋ ಗೀಚತೊಡಗಿದೆ. ಅಷ್ಟರಲ್ಲಿ ಗೋಡೆಯ ಬಿರುಕಿನಿಂದ ಕರಿ ಆಡೊಂದು ಇಣುಕಿತು. ಅದರ ಹಿಂದೆ ಕಂಬಳಿ ಹೊದ್ದ ಕುರಿಗಾಹಿ, "ಬರ್ರಿ, ಬರ್ರಿ" ಎಂದು ಕರೆಯುತ್ತಿದ್ದ. ಗಾಳಿಗೆ ಸಿಕ್ಕಿ ಅದೇ ನನಗೆ ಹಾಗೆ ಕೇಳಿತ್ತು.

"ಅಲ್ಲಪ್ಪಾ, ಆಡಿಗೆ ಯಾರಾದ್ರೂ ಬರ್ರಿ ಅಂತಾರಾ?"

"ಏನ್ ಮಾಡೂದ್ರಿ, ಬೈದ್ರ ಇದು ಅಲ್ಲೇ ಕುಂದರ್ತತಿ. ಮರ್ಯಾದಿ ಕೊಟ್ರ ಒಂದ್ ಹೆಜ್ಜಿ ಇಡ್ತತಿ."

ಸಂಪಾದಕರು ನನ್ನ ಜೊತೆ ಯಾಕೆ ಅಷ್ಟು ಮೆತ್ತಗೆ ಮಾತಾಡುತ್ತಾರೆಂದು ಅವತ್ತು ತಿಳಿಯಿತು.

ಮೂಗು ಮುರಿದ ಕಲ್ಲು

ರಜೆಗೆ ಮಡಕಶಿರಾ ಕಡೆಯ ತವರಿಗೆ ಹೋದಾಗ ಹತ್ತಿರದ ಹೇಮಾವತಿ ಊರಿನ ದೇವಸ್ಥಾನ ಹೊಕ್ಕೆ. ಮಧ್ಯಾಹ್ನ, ನರಪಿಳ್ಳೆ ಇಲ್ಲ. ನುಣುಪಾದ ಕಂಬಗಳ ನಡುವೆ ಒಂದು ಮೂಲೆ ಹಿಡಿದು ಒರಗಿದೆ. ಎದುರಿಗೆ ಮೂಗು ಮುರಿದ, ಕೂತ ಭಂಗಿಯ ಹಳೇ ಕಲ್ಲೊಂದಿತ್ತು. ಹಾಳೆಗೆ ತಲೆ ಬಗ್ಗಿಸಿ, ಮತ್ತೆ ಎತ್ತಿದರೆ ಪಕ್ಕದಲ್ಲೊಬ್ಬ ಅಜ್ಜಿ. ಬಂದ ಸದ್ದೇ ಆಗಿರಲಿಲ್ಲ. ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಏನವ್ವ ಮಾಡ್ತಿದೀಯ?"

"ಕತೆ ಬರೆಯೋಣ ಅಂತ, ಅಜ್ಜಿ."

"ಅವ್ನೂ ಅಂಗೇ ಅಂದಿದ್ದ." ಕಲ್ಲಿನ ಕಡೆ ಗದ್ದ ಎತ್ತಿದಳು. "ನೀನು ಕುಂತಿರೋ ತಾವೇ ಕುಂತಿದ್ದ. ಬರೀತೀನಿ ಬರೀತೀನಿ ಅಂತ ಕುಂತೇ ಕುಂತ. ಮೊದ್ಲು ಕಾಲು ಜೋಮು ಹಿಡೀತು. ಆಮೇಲೆ ಸೊಂಟ. ಕೊನೀಗೆ ಕಣ್ಣು. ಕಲ್ಲಾದ ಮೇಲೆ ಎತ್ತಿ ಅಲ್ಲಿಟ್ರು."

ನನ್ನ ಎಡಗಾಲು ಆಗಲೇ ಜೋಮು ಹಿಡಿದಿತ್ತು. ಕುಂಟುತ್ತಲೇ ಹೊರಗೋಡಿದೆ. ಬಿಸಿಲಲ್ಲಿ ನಿಂತು ಸುಧಾರಿಸಿಕೊಂಡಾಗ ಚೀಲ ಒಳಗೇ ಉಳಿದದ್ದು ನೆನಪಾಯಿತು. ಧೈರ್ಯ ಮಾಡಿ ಹೋದರೆ, ಅಜ್ಜಿ ನನ್ನ ಮೂಲೆಯಲ್ಲಿ ನನ್ನ ಚೀಲವನ್ನೇ ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಅಲುಗಿಸಿದೆ.

"ಈ ಮೂಲೆ ಬೋ ತಂಪು ಕಣವ್ವ" ಅಂದಳು, ಕಣ್ಣು ಬಿಡದೆ. "ಮೊನ್ನೆ ಫೋಟೋ ತೆಗಿಯೋನು ಬಂದು ಕುಂತಿದ್ದ. ಅವ್ನಿಗೆ, ಫೋಟೋ ತೆಗಿಯಾಕೆ ಬಂದೋನೇ ಕಲ್ಲಾದ ಅಂತಂದೆ."

ಗೋಡೆಯಾಚೆ

ರಾಯದುರ್ಗಕ್ಕೆ ಮರಳಿದಾಗ ಗಡುವು ಹತ್ತಿರ ಬಂದಿತ್ತು. ಜೊತೆಯ ಟೀಚರೊಬ್ಬರು ಖಾಲಿ ಬಿದ್ದಿದ್ದ ತಮ್ಮ ಹಳೇ ಮನೆಯ ಬೀಗದ ಕೈ ಕೊಟ್ಟರು. ಶಾಲೆ ಬಿಟ್ಟಮೇಲೆ ಯಾರ ಕಣ್ಣಿಗೂ ಬೀಳದಂತೆ ಹಿತ್ತಲ ಬಾಗಿಲಿಂದ ಹೋಗಿ ಕೂರತೊಡಗಿದೆ. ಒಂದು ಶುರು ಹೊಳೆಯಿತು. ಬರೆದದ್ದನ್ನು ಗಟ್ಟಿಯಾಗಿ ಓದುವುದು ನನ್ನ ಚಟ. "ಅವಳು ಬಾಗಿಲು ತೆರೆದಳು. ಒಳಗೆ ಯಾರೂ ಇರಲಿಲ್ಲ. ಆದರೂ ಯಾರೋ ಬಾ ಅಂದರು." ಮುಂದಿನ ಸಾಲು ಬರಲೆಂದು ಇದನ್ನೇ ಮತ್ತೆ ಮತ್ತೆ ಓದಿದೆ.

ಗೋಡೆಯಾಚೆ ಹೊಲಿಗೆ ಮಷಿನ್ನು ಟಕಟಕ ಎನ್ನುತ್ತಿತ್ತು. ಜೀನ್ಸ್ ಹೊಲಿಯುವವರು ನಮ್ಮೂರಲ್ಲಿ ಬೀದಿಗೊಬ್ಬರು, ಅದೇನೂ ವಿಶೇಷವಲ್ಲ. ಆದರೆ ನಾನು ಓದತೊಡಗಿದೊಡನೆ ಅದು ನಿಲ್ಲುತ್ತಿತ್ತು. ನಾನು ಸುಮ್ಮನಾದರೆ ಮತ್ತೆ ಶುರು. ದಿನವೂ ಹೀಗೇ. ಏನೋ ಒಂದು ಉಸಿರು ಬಿಗಿಹಿಡಿದು ಗೋಡೆಗೆ ಕಿವಿ ಹಚ್ಚಿದಂತೆ ಅನ್ನಿಸಿ ನನ್ನ ದನಿ ನಡುಗತೊಡಗಿತು. ನಡುಗುತ್ತಲೇ ಓದಿದೆ.

ಒಂದು ಸಂಜೆ ಮುಂಬಾಗಿಲ ಸಂದಿಯಿಂದ ಹೊಗೆ ತೆವಳಿ ಬಂತು. ಸಣ್ಣಗೆ ಗಂಟೆ ಸದ್ದು. ಹಳೇ ಚಿಲಕ ಕಳಚಿ ಬಾಗಿಲು ಕಿರ್ ಎಂದು ತೆರೆಯಿತು. ನಾನು ಕಿರುಚಿದೆ. ಹೊರಗಿದ್ದವರೂ ಕಿರುಚಿದರು. ಬೇವಿನ ಸೊಪ್ಪು, ನಿಂಬೆಹಣ್ಣು ಹಿಡಿದ ಮಂತ್ರವಾದಿ. ಅವನ ಬೆನ್ನಿಗೆ ಅಂಟಿಕೊಂಡು ಪಕ್ಕದ ಮನೆಯ ಹೊಲಿಯುವಾಕೆ.

"ಅಯ್ಯ ಟೀಚರಮ್ಮ, ನೀವಾ! ದಿನಾ ಆ ಮಾತು ಕೇಳಿ ಕೇಳಿ ನಮಗ ಅನ್ನ ಸೇರವಲ್ದು. ಯಾಕ್ರಿ ಅದನ್ನ ಅಷ್ಟ್ ಸಲ ಅಂತಿದ್ರಿ?"

"ಮುಂದಿನ ಸಾಲು ಹೊಳೀತಿಲ್ಲಮ್ಮ."

ಮಂತ್ರವಾದಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಂಬೆಹಣ್ಣು ಜೇಬಿಗಿಳಿಸಿದ. "ದೆವ್ವ ಆಗಿದ್ರ ಬಿಡಿಸ್ತಿದ್ದೆ. ಇದು ಬಿಡೋ ಜಾತಿ ಅಲ್ಲ" ಎಂದು ಹೊರಟೇಬಿಟ್ಟ.

ಆಕೆ ಹೋಗಲಿಲ್ಲ. "ಅದಿರ್ಲಿ, ಆಕಿ ಒಳಗ ಹೋದ್ಲೋ ಇಲ್ಲೋ? ಎಷ್ಟ್ ದಿನ ಅಂತ ಬಾಗಿಲ್ದಾಗ ನಿಂದ್ರಿಸ್ತೀರಿ? ಬರದು ಮುಗಿಸೋ ಮಟ ನಿಮ್ಮನ್ನ ಬಿಡಂಗಿಲ್ಲ." ಎರಡೂ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿದು ಕಿಟಕಿ ಬುಡದಲ್ಲಿ ಕೂತಳು.

ನಾನು ಬರೆಯುವ ಕತೆಯಲ್ಲಿ ಮುಂದೇನಾಯಿತು ಅಂತ ಕೇಳಿದವರು ಅದೇ ಮೊದಲು. ತಲೆ ಎತ್ತದೆ ಬರೆದೆ. ಕತ್ತಲಾಗುವ ಮುಂಚೆ ಕತೆ ಮುಗಿಯಿತು. ಹಾಳೆಗಳನ್ನು ಕಿಟಕಿಯಿಂದ ಚಾಚಿದೆ.

"ನಾ ತೆಲುಗು ಸಾಲಿ ಓದಿದಾಕಿ, ನೀವ ಓದ್ರಿ" ಅಂದಳು. ಮತ್ತೆ ತಾನೇ ತಡೆದಳು. "ಹಿಂಗ ನಿಮ್ಮ ಮಾರಿ ನೋಡಿದ್ರ ಹೆದ್ರಿಕಿ ಬರವಲ್ದು. ನಾ ಮನಿಗೆ ಹೋಗಿ ಗ್ವಾಡಿಗೆ ಕಿವಿ ಹಚ್ತೀನಿ. ಆಮ್ಯಾಲ ಓದ್ರಿ."

ಓದಿದೆ. ಮಷಿನ್ನಿನ ಸದ್ದಿಲ್ಲ, ಉಸಿರಿನ ಸದ್ದೂ ಇಲ್ಲ. ಕೊನೆಯ ಸಾಲು ಮುಗಿಸಿ, "ಆಯ್ತಮ್ಮ, ಬಂದು ಬಾಗಿಲು ತೆಗೀರಿ" ಎಂದು ಕೂಗಿದೆ.

ಆಮೇಲೆ ಗೋಡೆಯಾಚೆಯಿಂದ ಸಣ್ಣ ದನಿಯೊಂದು ಬಂತು:

"ಈ ಕತಿ ಕೇಳಿದ ಮ್ಯಾಲ ಆ ಬಾಗಿಲ ಯಾರು ತೆಗೀತಾರ್ರಿ? ಮುಂಜಾನಿ ಬರ್ತೀನಿ."